ಹಾಲಮ್ಮನ ಕೇವಿಯಟ್

ಕೊರೋನಾ ಬರುವುದಕ್ಕೆ ಹಿಂದಿನ ವರ್ಷದ ಮಾತು. ಆಗ ನಾನು ಕೂಡ್ಲಿಗಿ ಕೋರ್ಟಿನ ಎದುರಿನ ತಗಡಿನ ಶೆಡ್ಡಿನಲ್ಲಿ ಜಾಬ್ ಟೈಪಿಸ್ಟ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಜಾಬ್ ಟೈಪಿಸ್ಟ್ ಎಂದರೆ ಸರ್ಕಾರದ ಸಂಬಳದವನಲ್ಲ. ವಕೀಲರು ಹೇಳಿದ್ದನ್ನು ಟೈಪು ಮಾಡಿ, ಪುಟಕ್ಕಿಷ್ಟು ಎಂದು ಕೂಲಿ ಪಡೆಯುವವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕೊಟ್ಟೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಬೆಳಿಗ್ಗೆ ಕಸ ಗುಡಿಸಿ, ಮಧ್ಯಾಹ್ನ ಮಷಿನ್ ಖಾಲಿ ಇದ್ದಾಗ ಕಲಿತೆ. ಮಷಿನ್ ಹೋಗಿ ಕಂಪ್ಯೂಟರ್ ಬಂದಾಗ ನನ್ನ ಸರೀಕರು ಕೈಚೆಲ್ಲಿದರು. ನಾನು ಅದನ್ನೂ ಕಲಿತೆ. ಬಡಾಯಿ ಎಂದುಕೊಳ್ಳಬೇಡಿ, ನಾನು ಟೈಪು ಮಾಡಿದ ಅರ್ಜಿ ಅಕ್ಷರದ ತಪ್ಪಿಗಾಗಿ ಕೋರ್ಟಿನಿಂದ ವಾಪಸು ಬಂದದ್ದು ನನಗೆ ನೆನಪಿಲ್ಲ. ಅದಕ್ಕೆ ಕಾರಣವೂ ಇದೆ. ಅರ್ಥ ಗೊತ್ತಿಲ್ಲದ ಮಾತನ್ನು ನಾನು ಟೈಪು ಮಾಡುವುದಿಲ್ಲ. ವಕೀಲರನ್ನು ನಿಲ್ಲಿಸಿ ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

‘ಕೇವಿಯಟ್’ ಎಂಬ ಮಾತನ್ನೂ ಹಾಗೆಯೇ ಒಬ್ಬ ಹಿರಿಯ ವಕೀಲರನ್ನು ಕೇಳಿ ತಿಳಿದುಕೊಂಡಿದ್ದೆ. ಈ ಕಥೆಯಲ್ಲಿ ಬರುವ ವಕೀಲರೂ ಅವರೇ.

“ಅದು ಲ್ಯಾಟಿನ್ ಭಾಷೆಯ ಕ್ರಿಯಾಪದ, ಬಸಣ್ಣ. ‘ಎಚ್ಚರದಿಂದಿರಲಿ’ ಅಂತ ಅರ್ಥ. ವ್ಯಾಪಾರದ ಕಾನೂನಿನ್ಯಾಗ ‘ಕೇವಿಯಟ್ ಎಂಪ್ಟರ್’ ಅಂತ ಬರ್ತೈತಿ. ಕೊಳ್ಳೋನು ಎಚ್ಚರ ಇರಲಿ, ಆಮ್ಯಾಲೆ ಮಾರಿದವನ್ನ ಬೈಬ್ಯಾಡ ಅಂತ.”

“ಎತ್ತು ಕೊಳ್ಳೋನು ಹಲ್ಲು ನೋಡ್ಲಿ ಅಂದಂಗ.”

“ಅದ ನೋಡು.”

“ಕೋರ್ಟಿನ್ಯಾಗ ಯಾರು ಎಚ್ಚರ ಇರಬೇಕ್ರಿ?”

“ಜಡ್ಜ್ ಸಾಹೇಬ್ರು. ನನ್ನ ಮಾತು ಕೇಳದಂಗ ಅವಂಗ ಸ್ಟೇ ಕೊಡಬ್ಯಾಡ್ರಿ ಅಂತ ಮೊದಲ ಹೋಗಿ ಕದ ಬಡಿಯೋದು.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬರು ತುರ್ತು ಎಂದು ಕೋರ್ಟಿಗೆ ಹೋದರೆ, ಎದುರಿನವರನ್ನು ಕರೆಸದೆಯೇ ತಡೆಯಾಜ್ಞೆ ಸಿಗುವುದುಂಟು. ಜನರ ಬಾಯಲ್ಲಿ ಇದೇ ಸ್ಟೇ. ಹಾಗಾಗದಿರಲಿ ಎಂದು ಮುಂಚೆಯೇ ಹಾಕುವ ಅರ್ಜಿ ಕೇವಿಯಟ್. ಯಾರು ದಾವೆ ಹೂಡಬಹುದು ಎಂಬ ಅನುಮಾನವಿದೆಯೋ ಅವರಿಗೆ ಅದರ ನೋಟಿಸನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಬೇಕು. ಅದು ತೊಂಬತ್ತು ದಿನ ಜೀವಂತ ಇರುತ್ತದೆ.

ಹಾಲಮ್ಮ ಬಂದದ್ದು ಒಂದು ಬುಧವಾರ. ಈಕೆಯ ಮತ್ತು ಅಣ್ಣನ ಹೆಸರನ್ನು ಬದಲಿಸಿದ್ದೇನೆ. ನಲವತ್ತು ದಾಟಿದ ಹೆಂಗಸು, ಸೀರೆಗೆ ಮಿರ್ಚಿ ಕರಿದ ಎಣ್ಣೆಯ ವಾಸನೆ. ಗಂಡ ಗಾರೆ ಕೆಲಸದವನು, ಹಗರಿಬೊಮ್ಮನಹಳ್ಳಿಯಲ್ಲಿ ಸಾರುವೆಯಿಂದ ಬಿದ್ದು ಸೊಂಟ ಹೋಗಿತ್ತು. ಆಗ ಅವಳ ಅಪ್ಪ ಮಗಳನ್ನೂ ಅಳಿಯನನ್ನೂ ಕರೆತಂದು, ಹರಪನಹಳ್ಳಿ ರಸ್ತೆಯ ಕ್ರಾಸಿನಲ್ಲಿದ್ದ ತನ್ನ ತುಂಡು ಜಾಗ ತೋರಿಸಿ, ಇಲ್ಲಿ ಬದುಕಿಕೋ ಎಂದಿದ್ದ. ಬಾಯಿ ಮಾತು, ಕಾಗದವಿಲ್ಲ. ತಗಡು ಹೊಚ್ಚಿ ಮಂಡಕ್ಕಿ ಮಿರ್ಚಿ ಹೋಟೆಲ್ ಇಟ್ಟಳು, ವಾಸವೂ ಅಲ್ಲೇ. ಅಪ್ಪ ಸತ್ತ ಮೇಲೆ ಜಾಗ ಅಣ್ಣ ಕೊಟ್ರಪ್ಪನ ಹೆಸರಿಗಾಯಿತು. ಅವನು ತಾಯಿಯನ್ನು ಇಟ್ಟುಕೊಂಡು ಒಳಗಿನ ಹಳ್ಳಿಯಲ್ಲಿದ್ದ. ಈಗ ಹಾಲಮ್ಮ ತಗಡು ತೆಗೆದು ಗೋಡೆ ಎಬ್ಬಿಸಿ ಆರ್‌ಸಿಸಿ ಹಾಕಲು ಹೊರಟಿದ್ದಳು. ಸಿಮೆಂಟು, ಕಬ್ಬಿಣ ಬಂದು ಬಿದ್ದಿದ್ದವು. ಹೋಟೆಲಿಗೆ ಬಂದ ಯಾರೋ ಒಬ್ಬ, “ಗೋಡಿ ಏಳ್ಲಿ ತಡಿ, ನಿಮ್ಮಣ್ಣ ಸ್ಟೇ ತರ್ತಾನ” ಎಂದು ಮಿರ್ಚಿ ತಿಂದು ಹೋಗಿದ್ದ.

“ನಿಮ್ಮಣ್ಣ ಹಂಗಂತ ಹೇಳ್ಯಾನೇನಮ್ಮ?” ವಕೀಲರು ಕೇಳಿದರು.

“ಹೇಳಿಲ್ರಿ. ಆದ್ರ ಬುನಾದಿ ತೋಡಿದಾಗಿಂದ ಈ ಕಡೆ ಮುಖ ಹಾಕಿಲ್ಲ. ಮೊದಲ ದಿನಾ ಸಂಜಿಕ ಬಂದು ಚಾ ಕುಡಿದು ಹೋಗ್ತಿದ್ದ.”

“ಒಂದ್ಸಲ ಕೇಳಿ ನೋಡಬೇಕಿತ್ತು.”

“ಕೇಳಿದ್ರ, ಅವನ ತಲ್ಯಾಗ ಇಲ್ಲದ್ದು ನಾನ ಇಟ್ಟಂಗ ಆಕ್ಕೈತ್ರಿ ವಕೀಲ್ರ.”

ಅವಳ ಭಯ ಸುಳ್ಳೆಂದು ಹೇಳಲು ಯಾರಿಗೂ ಆಗುತ್ತಿರಲಿಲ್ಲ. ಆ ತುಂಡು ಜಾಗದ ಮೇಲೆ ಇಡೀ ಸಂಸಾರ ನಿಂತಿತ್ತು. ವಕೀಲರು ಹೇಳಿದರು, ನಾನು ಟೈಪು ಮಾಡಿದೆ. ಎಲ್ಲ ಕೇವಿಯಟ್‌ಗಳಲ್ಲೂ ಒಂದು ಸಾಲು ಇದ್ದೇ ಇರುತ್ತದೆ: ‘ಎದುರುದಾರರು ಅರ್ಜಿದಾರರ ವಿರುದ್ಧ ದಾವೆ ಹೂಡಿ ಏಕಪಕ್ಷೀಯವಾಗಿ ತಡೆಯಾಜ್ಞೆ ಪಡೆಯುವ ಸಂಭವವಿರುವುದರಿಂದ.’ ಎದುರುದಾರ ಎಂದರೆ ಎದುರು ಪಕ್ಷದವನು. ಆ ಜಾಗದಲ್ಲಿ ಕೊಟ್ರಪ್ಪನ ಹೆಸರು ಹಾಕಿದೆ.

ಸಹಿ ಮಾಡುವಾಗ ಹಾಲಮ್ಮ ಪೆನ್ನು ಎತ್ತಿ ನನ್ನ ಕಡೆ ನೋಡಿದಳು. “ಅಣ್ಣಾರ, ಇದು ನಮ್ಮಣ್ಣಗ ಗೊತ್ತಾಗ್ತೈತೇನ್ರಿ?”

“ನೋಟಿಸ್ ಹೋಗ್ತೈತವ್ವ. ಅದು ಕಾನೂನು.”

“ಕಳಿಸ್ರಿ ಹಂಗಾರ,” ಎಂದು ಸಹಿ ಹಾಕಿದಳು.

ಕೆಲ ದಿನಗಳ ಮೇಲೆ ಕೊಟ್ರಪ್ಪ ಬಂದ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಆ ರಿಜಿಸ್ಟರ್ ಕವರು. ವಕೀಲರು ಕೋರ್ಟಿನ ಒಳಗಿದ್ದರು. ನನ್ನ ಬೆಂಚಿನ ಮೇಲೆ ಕುಳಿತು ಕವರನ್ನು ಕೀಬೋರ್ಡಿನ ಮೇಲೆಯೇ ಇಟ್ಟ.

“ನಮ್ಮ ತಂಗಿ ನನ್ನ ಮ್ಯಾಲೆ ಕೇಸ್ ಹಾಕ್ಯಾಳಂತಲ್ರಿ?”

ನನಗೆ ಸಮಾಧಾನವೇ ಆಯಿತು. ನಮ್ಮ ಕಡೆಯ ಹಳ್ಳಿಗಳಲ್ಲಿ ಕೋರ್ಟಿನ ಹೆಸರಿರುವ ಕವರು ಬಂದರೆ ಕೇಸೇ ಬಿತ್ತು ಎಂದು ತಿಳಿಯುತ್ತಾರೆ. ಎಷ್ಟೋ ಜನರಿಗೆ ನಾನೇ ಬಿಡಿಸಿ ಹೇಳಿದ್ದೇನೆ; ‘ಇಷ್ಟೇನಾ’ ಎಂದು ಚಹಾ ಕುಡಿಸಿ ಹೋಗಿದ್ದಾರೆ. ಕೊಟ್ರಪ್ಪನಿಗೂ ಹೇಳಿದೆ. ಇದು ಕೇಸಲ್ಲ ಯಜಮಾನ್ರ, ನಿಮ್ಮಿಂದ ಏನನ್ನೂ ಕೇಳಿಲ್ಲ, ನೀವು ಕೋರ್ಟಿಗೆ ಬರಬೇಕಾಗಿಯೂ ಇಲ್ಲ. ಎಚ್ಚರ ಇರಲಿ ಅಂತ ಜಡ್ಜಿಗೆ ಹೇಳಿರೋದು ಅಷ್ಟೆ. ಮುಂದೆ ನೀವೇನಾದರೂ ಸ್ಟೇ ಕೇಳಿದರೆ ಆಕೆಯ ಮಾತನ್ನೂ ಕೇಳಲಿ ಅಂತ.

ಅವನು ತಲೆ ತಗ್ಗಿಸಿ ಕೇಳಿದ. ಎಲ್ಲ ಮುಗಿದ ಮೇಲೆ ಎಂದ: “ಅಂದ್ರ ನಾನಿನ್ನೂ ಏನೂ ಮಾಡಿಲ್ಲ.”

“ಇಲ್ರಿ.”

“ಮಾಡ್ತೀನಿ ಅಂತ ಆಕಿ ಬರೆಸ್ಯಾಳ.”

“ಆ ಸಾಲು ಎಲ್ಲಾ ಕೇವಿಯಟ್‌ನ್ಯಾಗೂ ಇರ್ತೈತ್ರಿ,” ಎಂದೆ.

“ಕೇಸ್ ಹಾಕಿದ್ರ ಬೇಸಿತ್ತು ನೋಡ್ರಿ. ಸಿಟ್ಟು ಬಂದ್ರ ಯಾರಾದ್ರೂ ಹಾಕ್ತಾರ, ಇಳಿದ ಮ್ಯಾಲೆ ಕೂಡ್ತಾರ. ಇದು ಸಿಟ್ಟಲ್ರಿ. ಕುಂತು ಯೋಚನಿ ಮಾಡಿ, ನಮ್ಮಣ್ಣ ಇಂಥಾವ ಅಂತ ಬರೆಸಿದ್ದು.” ಕವರನ್ನು ಎತ್ತಿಕೊಂಡು ಅಂಚು ಸರಿಮಾಡಿದ. “ಆ ಮನಿಗೆ ಬಾಗಲ ಚೌಕಟ್ಟು ನಾ ಮಾಡಿಸಾಕ ಹಾಕೀನ್ರಿ. ಕೊಟ್ಟೂರು ಬಡಿಗ್ಯಾರ ಹತ್ರ ಐತಿ, ತೇಗಿಂದು. ಹೊಸ್ತಿಲ ತವರಿಂದ ಹೋಗ್ಲಿ ಅಂತ. ಬರಿಗೈಲೆ ಹೋಗೋದು ಬ್ಯಾಡ, ಚೌಕಟ್ಟು ತಗೊಂಡ ಹೋಗೋಣಂತ ಆ ಕಡೆ ಹೋಗದ ಕುಂತಿದ್ದೆ.”

ತಪ್ಪು ತಿಳಿದು ಬಂದವರಿಗೆ ಸರಿಯಾದ ಅರ್ಥ ಹೇಳಿ ಕಳಿಸುವುದು ನನ್ನ ಕಸುಬಿನ ಹೆಮ್ಮೆ. ಅವತ್ತು ಅರ್ಥ ಸರಿಯಾಗಿ ತಿಳಿದದ್ದರಿಂದಲೇ ಆ ಮನುಷ್ಯನಿಗೆ ಪೆಟ್ಟು ಬಿತ್ತು. ಕೇಸು ಎಂದು ತಪ್ಪು ತಿಳಿದು ಮನೆಗೆ ಹೋಗಿದ್ದರೆ ಬೈದು ಸುಮ್ಮನಾಗುತ್ತಿದ್ದನೇನೋ.

ಒಂದು ಪಕ್ಷದ ಮಾತನ್ನು ಇನ್ನೊಂದು ಪಕ್ಷಕ್ಕೆ ಮುಟ್ಟಿಸಬಾರದು, ಇದು ನಮ್ಮ ಶೆಡ್ಡಿನ ಕಟ್ಟುಪಾಡು. ಆ ಒಂದು ಸಲ ಅದನ್ನು ಬಿಟ್ಟೆ. ಅದೇ ವಾರ ಹರಪನಹಳ್ಳಿಗೆ ಹೋಗುವವನು ಕ್ರಾಸಿನಲ್ಲಿ ಬಸ್ಸಿಳಿದೆ. ಗೋಡೆಗಳು ಎದೆಮಟ್ಟ ಎದ್ದಿದ್ದವು. ಪಕ್ಕದಲ್ಲಿ ಹಾಲಮ್ಮ ಮಿರ್ಚಿ ಬಿಡುತ್ತಿದ್ದಳು, ಗಂಡ ಕುರ್ಚಿಯ ಮೇಲೆ ಕುಳಿತು ಈರುಳ್ಳಿ ಹೆಚ್ಚುತ್ತಿದ್ದ. ಕೇಳಿದ್ದನ್ನು ಹೇಳಿದೆ.

“ಚೌಕಟ್ಟು?” ಎಂದಳು. ಮತ್ತೆ, “ತೇಗಿಂದಾ?” ಎಂದಳು. ಬಾಣಲೆಯಲ್ಲಿದ್ದ ಮಿರ್ಚಿ ಅಷ್ಟೂ ಸೀದು ಹೋದವು. ಗಂಡನೇ ಕೂಗಿ ಹೇಳಬೇಕಾಯಿತು.

ಮರುದಿನ ತವರಿಗೆ ಹೋದಳು. ಕೊಟ್ರಪ್ಪ ಕಟ್ಟೆಯ ಮೇಲೆ ಕುಳಿತಿದ್ದವನು ಏಳಲಿಲ್ಲ. “ಅವ್ವನ್ನ ನೋಡಾಕ ಬಂದಿದ್ರ ಒಳಗ ಹೋಗು. ನನ್ನ ಮಾತಾಡಿಸಬ್ಯಾಡ. ನಾ ಎದುರುದಾರ ಅದೀನಿ” ಎಂದನಂತೆ. ಹಾಸಿಗೆ ಹಿಡಿದಿದ್ದ ತಾಯಿಯ ಹತ್ತಿರ ಕುಳಿತು, ತಲೆ ಬಾಚಿ ಬಂದಳು. ತಪ್ಪಾಯಿತು ಎನ್ನಲು ಹೋದವಳು ಆ ಒಂದು ಮಾತು ಕೇಳಿ ಅದನ್ನು ಹೇಳಲೇ ಇಲ್ಲ; ದುಃಖಕ್ಕೋ, ಸೆಡವಿಗೋ, ಅವಳಿಗೇ ಗೊತ್ತಿಲ್ಲ. ಅಣ್ಣ ತಂಗಿ ಇಬ್ಬರದೂ ಒಂದೇ ರಕ್ತ. ಹಗರಿಬೊಮ್ಮನಹಳ್ಳಿಗೆ ಹೋಗಿ ಕಬ್ಬಿಣದ ರೋಲಿಂಗ್ ಶಟರ್‌ಗೆ ಆರ್ಡರ್ ಕೊಟ್ಟಳು. ಆರ್‌ಸಿಸಿ ಬಿತ್ತು. ಸ್ಟೇ ಬರಲಿಲ್ಲ. ಕೊಟ್ರಪ್ಪ ಆಮೇಲೆ ಕೋರ್ಟಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಆ ತೊಂಬತ್ತು ದಿನದ ಒಳಗೇ ಒಂದು ಭಾನುವಾರ ಬೆಳಗಿನ ಜಾವ ತಾಯಿ ತೀರಿಕೊಂಡಳು. ನಮ್ಮಲ್ಲಿ ಮಗಳು ಬಂದು ಮುಖ ನೋಡುವ ತನಕ ಹೆಣ ಎತ್ತುವುದಿಲ್ಲ. ದೂರದ ಊರಿನಿಂದ ಬರುವುದಿದ್ದರೂ ಕಾಯುತ್ತಾರೆ, ಸಂಜೆಯಾದರೂ ಕಾಯುತ್ತಾರೆ. ಹಾಲಮ್ಮ ಇದ್ದದ್ದು ಆಟೋದಲ್ಲಿ ಅರ್ಧ ತಾಸಿನ ದಾರಿ. ಯಾರೂ ಹೇಳಿ ಕಳಿಸಲಿಲ್ಲ. ಮಧ್ಯಾಹ್ನ ಹಾಲಿನ ಗಾಡಿಯವನು ಚಹಾ ಕುಡಿಯಲು ನಿಂತವನು, “ಇನ್ನೂ ಇಲ್ಲೇ ಇದ್ದೀಯಲ್ಲಬೇ?” ಎಂದಾಗಲೇ ಗೊತ್ತಾದದ್ದು. ಅವಳು ಹೋಗುವಷ್ಟರಲ್ಲಿ ಗುಣಿ ಮುಚ್ಚಿ ಮಣ್ಣು ಏರಿಸಿ, ಜನ ಕೈಕಾಲು ತೊಳೆಯುತ್ತಿದ್ದರು.

“ನನಗ ಒಂದ್ಮಾತು ಹೇಳಬಾರದಾಗಿತ್ತಾ ಯಣ್ಣ?” ಎಂದು ಕೇಳಿದ್ದಕ್ಕೆ ಕೊಟ್ರಪ್ಪ ಎಲ್ಲರ ಎದುರು ಹೇಳಿದ: “ನಿನಗ ತಿಳಿಸಬೇಕಂದ್ರ ರಿಜಿಸ್ಟರ್ ಮಾಡಬೇಕಲ್ಲ. ಪೋಸ್ಟಾಫೀಸು ಇವತ್ತು ರಜಾ ಐತಿ.”

ಇದನ್ನೆಲ್ಲ ಅವಳೇ ನಮಗೆ ಹೇಳಿದ್ದು, ಕರ್ಮಾಂತರ ಎಲ್ಲ ಮುಗಿದು ಎಷ್ಟೋ ದಿನದ ಮೇಲೆ, ನನ್ನ ಬೆಂಚಿನ ಮೇಲೆ ಕುಳಿತು. ವಕೀಲರೂ ಇದ್ದರು. ಅವಳು ಅಳಲಿಲ್ಲ. ಒಂದೇ ಕೆಲಸಕ್ಕೆ ಬಂದಿದ್ದಳು.

“ಅವತ್ತು ಬರೆದಿದ್ದನ್ನ ವಾಪಸ್ ತಗೊಳ್ಳಾಕ ಬರ್ತೈತೇನ್ರಿ?”

ವಕೀಲರು ಕನ್ನಡಕ ತೆಗೆದರು. “ಅದರ ಅವಧಿ ಮುಗಿದೈತಮ್ಮ. ತಾನಾಗೇ ಸತ್ತು ಹೋಗೈತಿ.”

“ಅದು ಸತ್ತಿದ್ದನ್ನ ನಮ್ಮಣ್ಣಗ ಯಾರು ತಿಳಿಸ್ತಾರ್ರಿ? ಹಾಕಿದಾಗ ಬರೆದು ತಿಳಿಸಿದ್ರಲ್ಲ.”

“ಅದಕ್ಕ ನೋಟಿಸ್ ಇಲ್ಲಮ್ಮ ಕಾನೂನಿನ್ಯಾಗ.”

ಹಾಲಮ್ಮ ಸೆರಗು ಹೊದ್ದು ಎದ್ದಳು. ಕ್ರಾಸಿನಲ್ಲಿ ಅವಳ ಹೋಟೆಲ್ ಇವತ್ತಿಗೂ ಚೆನ್ನಾಗಿ ನಡೆಯುತ್ತಿದೆ. ಮುಂದೆ ನೀಲಿ ಬಣ್ಣದ ಶಟರ್ ಇದೆ, ಹೊಸ್ತಿಲು ಇಲ್ಲ. ಆ ತೇಗದ ಚೌಕಟ್ಟನ್ನು ಕೊಟ್ರಪ್ಪ ಬಡಿಗೇರ ಮನೆಯಿಂದ ತರಲೇ ಇಲ್ಲ ಎಂದು ಕೇಳಿದ್ದೇನೆ.

ಕಸುಬು ನನಗೆ ಕಲಿಸಿದ್ದು ಇಷ್ಟು. ‘ಎಚ್ಚರದಿಂದಿರಲಿ’ ಎನ್ನುವುದು ಕೋರ್ಟಿನ ಒಳಗೆ ಒಳ್ಳೆಯ ಮಾತು. ಅದನ್ನು ಮನೆಯವರಿಗೆ ಬರೆದು ಕಳಿಸಿದರೆ, ನಿನ್ನನ್ನು ನಂಬಿಲ್ಲ ಎಂದು ಸಹಿ ಮಾಡಿ ಕೊಟ್ಟ ಹಾಗೆ. ಈಗ ಒಡಹುಟ್ಟಿದವರ ಮೇಲೆ ಕೇವಿಯಟ್ ಎಂದು ಯಾರಾದರೂ ಬಂದರೆ, ವಕೀಲರು ಹೇಳಿ ಮುಗಿಸಿದ ಮೇಲೂ ನಾನು ಕಂಪ್ಯೂಟರ್ ಮುಟ್ಟುವುದಿಲ್ಲ. “ಒಂದು ಮಾತು ಬಾಯಿ ಬಿಟ್ಟು ಕೇಳಿ ಬರ್ರಿ, ನಾ ಎಲ್ಲೂ ಹೋಗಂಗಿಲ್ಲ” ಎನ್ನುತ್ತೇನೆ. ಪಕ್ಕದ ಟೇಬಲ್ಲಿನವನು, “ಬಂದ ಗಿರಾಕಿನ್ನ ಓಡಿಸ್ತೀಯಲ್ಲಲೇ ಬಸ್ಯಾ” ಎಂದು ನಗುತ್ತಾನೆ.

ಕೆಲವರು ಎದ್ದು ಹೋಗುತ್ತಾರೆ. ಚಹಾದಂಗಡಿಯ ತನಕ ಹೋಗಿ, ಫೋನು ಕೈಯಲ್ಲಿ ಹಿಡಿದು ನಿಂತಿರುವುದು ನನಗೆ ಕುಳಿತಲ್ಲಿಂದ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ವಾಪಸು ಬಂದು, “ಕೇಳೋದೇನಿಲ್ರಿ, ನೀವು ಟೈಪ್ ಮಾಡ್ರಿ” ಎನ್ನುತ್ತಾರೆ.

ನಾನು ಮಾಡುತ್ತೇನೆ.