ಅಯ್ಯೋ ಪಾಪ

ವಿನೋಬನಗರದ ಐವಿಎಫ್ ಕ್ಲಿನಿಕ್ಕಿನಲ್ಲಿ ನಾನು ಕೌನ್ಸೆಲರ್. ಅಂದರೆ ಡಾಕ್ಟರು ಹೇಳಲು ಮುಜುಗರಪಡೋದನ್ನೆಲ್ಲ ಬಂದವರಿಗೆ ಹೇಳೋಳು. ಭದ್ರಾವತಿಯ ಸ್ಟೆಲ್ಲಾ ಮಗುವನ್ನೆತ್ತಿಕೊಂಡು ಬಂದಿದ್ದಳು. ಹೆರಿಗೆಯಲ್ಲೇ ಅವಳ ಗರ್ಭಕೋಶ ತೆಗೆದಿದ್ದರು. ಆ ಮಗುವಿಗಾಗಿ ಲ್ಯಾಬಿನಲ್ಲಿ ಮಾಡಿದ್ದರಲ್ಲಿ ಉಳಿದ ಭ್ರೂಣಗಳು ಇನ್ನೂ ನಮ್ಮ ಫ್ರೀಜರಿನಲ್ಲಿದ್ದವು. ಅವನ್ನೇನು ಮಾಡೋಣ ಅಂತ ಕೇಳಿದೆ.

"ಚರ್ಚಿನ ಫಾದರ್‌ನ ಕೇಳ್ದೆ ಮೇಡಂ. ಐವಿಎಫ್ ಮಾಡಿಸ್ಕೊಂಡಿದ್ದೇ ಪಾಪ ಅಂದ್ರು. ಎಸೆದ್ರೆ ಕೊಲೆಯಂತೆ, ಬೇರೆಯವ್ರಿಗೆ ಕೊಟ್ರೂ ತಪ್ಪಂತೆ, ಹಂಗೇ ಇಟ್ರೂ ತಪ್ಪಂತೆ."

"ಮತ್ತೇನು ಮಾಡ್ಬೇಕಂತೆ?"

"ಪ್ರಾರ್ಥನೆ."

"ಅಯ್ಯೋ, ಪಾಪ" ಅಂದುಬಿಟ್ಟೆ, ಕನಿಕರದಿಂದಲೇ.

ಅವಳು ಮಗುವನ್ನು ಎದೆಗವಚಿಕೊಂಡು ಎದ್ದಳು. "ನೀವೂ ಅದನ್ನೇ ಅಂತೀರಲ್ಲ."

ಈಗ ಯಾರ ಕಷ್ಟ ಕೇಳಿದರೂ "ಸಾರಿ" ಅಂತೀನಿ. ಅದರಲ್ಲಿ ಪಾಪವೂ ಇಲ್ಲ, ಕನಿಕರವೂ ಇಲ್ಲ.