ಗುರುನಾಥ ಮಾಸ್ತರರ ತಂಡದೊಂದಿಗೆ ಗದಗಿಗೆ

ಬೆಳಗಿನ ಏಳರ ಬಸ್ಸಿಗೆ ನಾವು ಶಿರಹಟ್ಟಿ ಬಿಟ್ಟಾಗ ಚಳಿ ಇನ್ನೂ ಹೋಗಿರಲಿಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ನಮ್ಮ ಹೈಸ್ಕೂಲಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಎಂಟು ಹುಡುಗಿಯರು, ಅವರಿಗೆ ಆಟ ಕಲಿಸಿದ ಗುರುನಾಥ ಮಾಸ್ತರರು, ಜೊತೆಗೆ ನಾನು. ಹೆಣ್ಣುಮಗಳೊಬ್ಬಳು ಜೊತೆಗಿಲ್ಲದೆ ಕಳಿಸುವುದಿಲ್ಲ ಎಂದು ಹುಡುಗಿಯರ ಮನೆಯವರು ಹಟ ಹಿಡಿದಿದ್ದರಿಂದ, ಕನ್ನಡ ಕಲಿಸುವ ನನ್ನನ್ನು ಹೊರಡಿಸಿದ್ದರು. ಆ ಆಟದ ಗಂಧಗಾಳಿಯೂ ನನಗಿರಲಿಲ್ಲ. ಗೊತ್ತಿದ್ದದ್ದು ಒಂದೇ: ಗದಗಿನ ಪಂದ್ಯಾವಳಿಯಲ್ಲಿ ಈ ಸಲವೂ ಮೊದಲ ಪಂದ್ಯದಲ್ಲೇ ಸೋತರೆ ತಂಡ ಬರಖಾಸ್ತು, ಮಾಸ್ತರರು ಇನ್ನು ಬರೀ ಕವಾಯತು ಮಾಡಿಸಿಕೊಂಡಿರಬೇಕು ಎಂದು ಹೆಡ್ ಮಾಸ್ತರರು ಹೇಳಿಬಿಟ್ಟಿದ್ದರು.

ಲಕ್ಷ್ಮೇಶ್ವರ ಮುಟ್ಟಲು ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ. ಬೆಳಿಗ್ಗೆ ನೇರ ಬಸ್ಸಿಲ್ಲದ್ದರಿಂದ ಗದಗಿನ ಬಸ್ಸನ್ನು ಅಲ್ಲೇ ಹಿಡಿಯಬೇಕಿತ್ತು, ಅದಕ್ಕೆ ಇನ್ನೂ ಹೊತ್ತಿತ್ತು. ಗುಡಿಯ ಹಿಂದಿನ ಓಣಿಯಲ್ಲಿದ್ದ ತಮ್ಮ ಮನೆಗೆ ಮಾಸ್ತರರು ಎಲ್ಲರನ್ನೂ ಕರೆದೊಯ್ದರು. ಅವರದು ತಲೆಮಾರುಗಳಿಂದ ಪೂಜೆಯ ಮನೆತನ. ತಾಯಿ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದರೆ, ತಂದೆ ನನ್ನ ಮುಂದೆ ದೂರು ಬಡಿಸಿದರು.

“ಗುಡಿ ಪೂಜಾ ನೋಡ್ಕೋತಾನ ಅಂತ ತಿಳಿದಿದ್ನಿರಿ ಅಕ್ಕೋರ. ಧಾರವಾಡಕ್ಕ ಕಲ್ಯಾಕ ಹೋಗಿ ಚೆಂಡಿನ ಹುಚ್ಚು ಹಿಡಿಸ್ಕೊಂಡು ಬಂದ.”

“ಹುಚ್ಚಿಗೆ ಪಗಾರ ಕೊಡ್ತಾರಲ್ಲಪ್ಪಾ,” ಎಂದು ನಕ್ಕರು ಮಾಸ್ತರರು.

ಅಲ್ಲಿಂದ ಗದಗು ನಲವತ್ತು ಕಿಲೋಮೀಟರು. ಎರಡೂ ಕಡೆ ಎರೆಹೊಲ, ಒಡೆದ ಹತ್ತಿ. ಬಸ್ಸಿನ ಕುಲುಕಾಟದಲ್ಲೇ ಮಾಸ್ತರರು ತಮ್ಮ ಕಥೆ ಹೇಳಿದರು. ಆರು ವರ್ಷದ ಹಿಂದೆ ಶಿರಹಟ್ಟಿಗೆ ಬಂದವರೇ ಬಡಿಗೇರನಿಂದ ಎರಡು ಕಂಬ ನಿಲ್ಲಿಸಿ, ಹತ್ತು ಅಡಿ ಅಳೆದು, ಚೆಂಡು ಬೀಳಬೇಕಾದ ಕಬ್ಬಿಣದ ರಿಂಗು ಹೊಡೆಸಿದ್ದರಂತೆ. ಆಮೇಲೆ ಹುಡುಗಿಯರನ್ನು ಆಟಕ್ಕೆ ಕಳಿಸಿರೆಂದು ಮನೆಮನೆ ತಿರುಗಿ ಚಪ್ಪಲಿ ಸವೆಸಿದ್ದರು.

ಪಂದ್ಯ ನಾಲ್ಕು ಗಂಟೆಗೆ, ಸಿಮೆಂಟಿನ ಅಂಗಳದಲ್ಲಿ. ನಮ್ಮವರು ಓಡುವುದರಲ್ಲಿ ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಎಸೆದ ಚೆಂಡೆಲ್ಲ ರಿಂಗು ದಾಟಿ ಹಿಂದಿನ ಹಲಗೆಗೆ ಬಡಿಯುತ್ತಿತ್ತು. ಅರ್ಧ ಆಟಕ್ಕೆ ಎದುರಾಳಿಗಳದು ಹದಿನಾಲ್ಕು, ನಮ್ಮದು ನಾಲ್ಕು. ನನಗೆ ಅಳುವೇ ಬಂತು.

ವಿರಾಮದಲ್ಲಿ ಏನು ಹೊಳೆಯಿತೋ, ಮಾಸ್ತರರು ರಿಂಗಿನ ಕೆಳಗೆ ಹೋಗಿ ಒಮ್ಮೆ ಜಿಗಿದರು. ಬೆರಳು ಕಬ್ಬಿಣಕ್ಕೆ ಬಡಿದವು. ಮುಖ ಬಿಳಿಚಿಕೊಂಡು ಬಂದರು.

“ಅಕ್ಕೋರ, ಊರಾಗ ಈಗೀಗ ನನಗ ರಿಂಗು ಸಿಗೂದ ಇಲ್ಲ. ವಯಸ್ಸಾತು ಅಂತ ತಿಳಿದಿದ್ನಿ. ನೆಲಾನ ಕೆಳಗ ಹೋಗೇತ್ರಿ! ದಿನಾ ಆಟದ ಮೊದಲ ಹುಡುಗ್ಯಾರ ಕಡೆ ಕಸ ಹೊಡಸ್ತೀನಲ್ಲ, ಆರು ವರ್ಷದಾಗ ಅರ್ಧ ಗೇಣು ಮಣ್ಣು ಹೋಗೇತಿ. ಇವರು ಎತ್ತರದ ರಿಂಗಿಗೆ ಒಗದು ರೂಢಿ ಆಗ್ಯಾರ. ಪರ ಊರಿನ ಅಂಜಿಕಿಗೆ ಗುರಿ ತಪ್ಪತೈತಿ ಅಂತ ಇಷ್ಟು ದಿನಾ ಬೈದ್ನಿ.”

ಹುಡುಗಿಯರ ನಾಯಕಿ ಶಾಂತವ್ವ ನೀರು ಕುಡಿಯುತ್ತಿದ್ದವಳು ತಲೆಯೆತ್ತಿದಳು. “ಸರ್, ಕೈಯಾನ ಜೋರು ಈಗ ಕಡಿಮಿ ಮಾಡಾಕ ಆಗಂಗಿಲ್ರಿ. ಒಂದು ಹೆಜ್ಜಿ ಹಿಂದ ಸರದು ಒಗಿತೀವ್ರಿ.”

ಹಾಗೇ ಮಾಡಿದರು. ಮೊದಲ ಎಸೆತವೇ ಸದ್ದಿಲ್ಲದೆ ಒಳಗಿಳಿಯಿತು. ಕೊನೆಗೆ ಒಂದೇ ಅಂಕದಿಂದ ಗೆದ್ದೆವು. ನಾನು ಮರ್ಯಾದೆ ಮರೆತು ಬೆಂಚಿನ ಮೇಲೆ ಹತ್ತಿ ನಿಂತಿದ್ದೆ. ಮರುದಿನ ಎರಡನೆಯ ಪಂದ್ಯ ಸೋತೆವು, ಆದರೂ ಬಸ್ಸಿನ ತುಂಬ ಹಾಡು.

ಶಿರಹಟ್ಟಿಗೆ ಬಂದಿಳಿದಾಗ ಇನ್ನೂ ಬಿಸಿಲಿತ್ತು. ಗೆದ್ದ ಸುದ್ದಿಯಷ್ಟೇ ಹೇಳಿ ಸುಮ್ಮನಿರಬಹುದಿತ್ತು. ಮಾಸ್ತರರು ಹೆಡ್ ಮಾಸ್ತರರ ಮುಂದೆ ನೆಲದ ಸಂಗತಿಯನ್ನೂ ಹೇಳಿದರು. “ಇಷ್ಟು ವರ್ಷ ಸೋತದ್ದು ಹುಡುಗ್ಯಾರ ತಪ್ಪಲ್ರಿ, ನಂದು. ಏನು ಮಾಡ್ತೀರೋ ಮಾಡ್ರಿ.”

ಹೆಡ್ ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಸಬರಿಗಿಲೆ ನೆಲಾ ಸವಿಸಿದ ಹುಡುಗ್ಯಾರಿಗೆ ಆಟ ಸಾಕು ಅನ್ನಾಕ ನನಗ ಬಾಯಿ ಬರೂದಿಲ್ಲ ಮಾಸ್ತರ. ನಾಳೆ ಒಂದು ಬಂಡಿ ಮಣ್ಣು ಹಾಕಸ್ತೀನಿ. ಆಟ ನಡೀಲಿ.”

ಹೊರಗೆ ಬಂದರೆ ಹುಡುಗಿಯರು ಮನೆಗೆ ಹೋಗಿರಲಿಲ್ಲ. ಚೀಲಗಳನ್ನು ಕಂಬದ ಬುಡಕ್ಕಿಟ್ಟು, ಎಂದಿನಂತೆ ಸಾಲಾಗಿ ಬಾಗಿ ಕಸ ಹೊಡೆಯುತ್ತಿದ್ದರು.

“ಏ, ಬ್ಯಾಡ್ರೆವಾ, ಇದ್ದಷ್ಟು ಮಣ್ಣರ ಉಳೀಲಿ!” ಎನ್ನುತ್ತ ಮಾಸ್ತರರು ಓಡಿದರು.