ಎಲ್ ಬೋರ್ಡಿನ ಉಸಿರು

ಮೊನ್ನೆ ದಾಂಡೇಲಿ ಸಂತೆಯಲ್ಲಿ ಒಬ್ಬಾಕೆ ಬುಟ್ಟಿ ತುಂಬ ಗೇರುಹಣ್ಣು ಇಟ್ಟುಕೊಂಡು ಕೂತಿದ್ದಳು. ಆ ವಾಸನೆ ನಿಮಗೂ ಗೊತ್ತಿರಬೇಕು. ಹಣ್ಣಿನದೂ ಹೌದು, ಹೆಂಡದಂಗಡಿಯದೂ ಹೌದು, ಯಾವ ಕಡೆ ಹೋಗಲಿ ಎಂದು ಇನ್ನೂ ನಿರ್ಧಾರ ಮಾಡದ ವಾಸನೆ. ಪಕ್ಕದಲ್ಲಿದ್ದ ನಮ್ಮವರು ನನ್ನ ಮುಖ ನೋಡಿ ನಕ್ಕರು. "ತಿಂದು ಗಾಡಿ ಹೊಡಿಬ್ಯಾಡ ಮತ್ತ" ಅಂದರು.

ನಮ್ಮ ಮನೆಯಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವರು ಇಲ್ಲಿಯವರೆಗೆ ಒಬ್ಬರೇ. ಅದು ನಾನು. ಏಕಾದಶಿಗೆ ಉಪವಾಸ ಮಾಡುವ, ಕೆಮ್ಮಿನ ಔಷಧವನ್ನೂ ವಾಸನೆ ನೋಡಿ ಕುಡಿಯುವ ಕನ್ನಡ ಶಾಲೆಯ ಮಾಸ್ತರಣಿ.

ನಾನು ಗಾಡಿ ಕಲಿತದ್ದು ನಲವತ್ತು ದಾಟಿದ ಮೇಲೆ. ನಮ್ಮವರಿಗೆ ಗಿರಣಿಯಲ್ಲಿ ಪಾಳಿ ಕೆಲಸ. ದಿನವಿಡೀ ಮಶೀನಿನ ಮುಂದೆ ನಿಂತು ಬಂದವರಿಗೆ ಮನೆಯಲ್ಲಿ ಮತ್ತೊಂದು ಮಶೀನು ಬೇಡವಾಗಿತ್ತು. ಹಳೆಯ ಕಾರೊಂದನ್ನು ಅಂಗಳಕ್ಕೆ ತಂದು ನಿಲ್ಲಿಸಿ, "ಇನ್ನ ನಿಂದು" ಎಂದುಬಿಟ್ಟರು. ಕಲಿಸಲು ಮುಂದೆ ಬಂದವರು ಭಾವ, ಅಂದರೆ ನಮ್ಮವರ ಅಣ್ಣ. ಭಾವ ರಸ್ತೆ ಕೆಲಸದ ಗುತ್ತಿಗೆದಾರರು. ಜೊಯಿಡಾದಿಂದ ಮುಂಡಗೋಡದವರೆಗೆ ಅವರನ್ನು ಅರಿಯದ ಪೊಲೀಸರಿಲ್ಲ. ಮಧ್ಯಾಹ್ನಕ್ಕೆ ಒಂದಿಷ್ಟು, ಸಂಜೆಗೆ ಇನ್ನೊಂದಿಷ್ಟು ತೆಗೆದುಕೊಳ್ಳುವ ರೂಢಿ. ಗಾಡಿ ಹೊಡೆಯುವುದನ್ನು ಮಾತ್ರ ಬಿಟ್ಟವರಲ್ಲ. "ಕುಡದಾಗ ನನ್ನ ಕೈ ಇನ್ನೂ ನೆಟ್ಟಗ ಇರ್ತಾವ" ಎಂದು ಅವರೇ ಅವರಿಗೆ ಪ್ರಶಸ್ತಿ ಕೊಟ್ಟುಕೊಂಡಿದ್ದರು.

ಕಾರಿನ ಹಿಂದೆ ಮುಂದೆ ಕೆಂಪು ಎಲ್ ಅಂಟಿಸಿದ ದಿನದಿಂದ ನನ್ನ ಉಸಿರಿಗೆ ಸರ್ಕಾರಿ ಬೆಲೆ ಬಂತು. ಎಲ್ಲಿ ತಪಾಸಣೆ ಇದ್ದರೂ ಮೊದಲು ಕೈ ತೋರಿಸುವುದು ನನ್ನ ಗಾಡಿಗೆ. ಕಬ್ಬಿನ ಹಂಗಾಮಿನಲ್ಲಿ, ಹಿಂದೆ ಒಂದು ದೀಪವೂ ಇಲ್ಲದ ಟ್ರ್ಯಾಕ್ಟರು ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು, ಸ್ಟೇರಿಂಗಿನ ಮೇಲೆ ತೂಕಡಿಸುವ ಡ್ರೈವರನ ಸಮೇತ ದಾಟಿಹೋಗುತ್ತಿತ್ತು. ಪೊಲೀಸರು ಅದಕ್ಕೆ ದಾರಿ ಬಿಡಿಸಿ ನನ್ನ ಕಡೆ ತಿರುಗಿ, ಕುಡಿತ ಅಳೆಯುವ ಯಂತ್ರವನ್ನು ಬಾಯಿಗೆ ಹಿಡಿದು, "ಊದ್ರಿ ಮೇಡಂ" ಅನ್ನುತ್ತಿದ್ದರು. ನಾನು ಊದುತ್ತಿದ್ದೆ. ಸನಾದಿ ಕಲಿತಿದ್ದರೂ ಇಷ್ಟು ಸಾಧನೆ ಆಗುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ಭಾವ ಆಗೆಲ್ಲ ಗಾಂಭೀರ್ಯದಿಂದ ತಲೆದೂಗುವರು: "ಹೊಸಬರಿಗೆ ಕಾಯ್ದೆ ಬಿಗಿ ಇರಬೇಕು ನೋಡವಾ." ಕಾಯ್ದೆ ಪುಸ್ತಕದಲ್ಲಿ ಎಲ್ಲರಿಗೂ ಒಂದೇ. ರಸ್ತೆಗೆ ಇಳಿದಾಗ ಮಾತ್ರ ಅದು ಮುಖ ನೋಡಿ ಮಣೆ ಹಾಕುತ್ತಿತ್ತು.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅನಮೋಡದ ಹತ್ತಿರ ಸಂಬಂಧಿಕರ ಮನೆಯ ವಾಸ್ತುಶಾಂತಿ ಬಂತು. ನಾನು, ಭಾವ, ನಮ್ಮವರ ತಾಯಿ ಅಂದರೆ ನಮ್ಮ ಅತ್ತಿ, ಮೂವರೂ ಹೋದೆವು. ಊಟವಾದ ಮೇಲೆ ಗಂಡಸರೆಲ್ಲ ಹಿತ್ತಲ ಕಡೆ ಹೋದರು. ಭಾವ ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು, ಬಾಯಲ್ಲಿ ಇಂಗ್ಲಿಷು ಶುರುವಾಗಿತ್ತು. ನಾನು ಹೇಗೂ ಗಾಡಿ ಹೊಡೆಯುವವಳು ನಾನೇ ಎಂದು ಸುಮ್ಮನಿದ್ದೆ.

ಮರಳುವ ದಾರಿಯಲ್ಲಿ ಕಡುಬಿಸಿಲು. ತಾಡಪತ್ರಿಯ ನೆರಳಲ್ಲಿ ಒಬ್ಬ ಮುದುಕಿ ನೀರೊ ಮಾರುತ್ತಿದ್ದಳು. ನೀರೊ ಅಂದರೆ ಗೇರುಹಣ್ಣು ಹಿಂಡಿದ ಹಸಿ ರಸ, ಮಕ್ಕಳೂ ಕುಡಿಯುತ್ತಾರೆ. ಬೆಳಿಗ್ಗೆಯಿಂದ ಬಿಸಿಲಿಗಿಟ್ಟ ರಸಕ್ಕೆ ತನ್ನದೇ ಆಲೋಚನೆಗಳು ಇರುತ್ತವೆ ಎಂದು ಆಗ ನನಗೆ ಗೊತ್ತಿರಲಿಲ್ಲ. ಎರಡು ಲೋಟ ಗಟಗಟ ಕುಡಿದು ಗಾಡಿ ಹತ್ತಿದೆ. ತಿರುವು ದಾಟಿದರೆ ತಪಾಸಣೆ. ಯಾವ ಜಾಗ ಎಂದು ಮಾತ್ರ ಕೇಳಬೇಡಿ, ನಾನು ಇವತ್ತಿಗೂ ಆ ದಾರಿಯಲ್ಲಿ ಓಡಾಡಬೇಕು.

ಊದಿದೆ. ಯಂತ್ರ ಕೀಂ ಎಂದು ಕೂಗಿಕೊಂಡಿತು.

ಹಿಂದಿನ ಸೀಟಿನಿಂದ ಅತ್ತಿ ಮುಂದಕ್ಕೆ ಬಗ್ಗಿದರು. "ಅಯ್ಯ ನಮ್ಮವ್ವಾ! ನೀ ಯಾವಾಗ ಕುಡದಿ?"

"ನೀರೊ ಅತ್ತಿ, ಬರೇ ನೀರೊ!"

ಹವಾಲ್ದಾರರು ಬೇಸರದಿಂದ ತಲೆ ಅಲ್ಲಾಡಿಸಿದರು. "ಎಲ್ಲಾರೂ ನೀರs ಕುಡದಿರ್ತಾರ್ರಿ ಮೇಡಂ. ಕಲಿಯೋ ಮೊದಲs ಹಿಂಗಾದ್ರ ಹೆಂಗ್ರಿ?" ಆಮೇಲೆ ಕಿಟಕಿಯಲ್ಲಿ ಬಗ್ಗಿ ಭಾವನ ಮುಖ ಕಂಡರು. ಕೈ ತಾನಾಗಿ ಹಣೆಗೆ ಹೋಯಿತು. "ಓ, ಸಾವಕಾರ್ರು! ನೀವ ಅದೀರಲ್ಲ, ಹಂಗಾರ ಚಿಂತಿಲ್ಲ. ಮೇಡಮ್ಮರನ್ನ ಈ ಕಡೆ ಕುಂದ್ರಸ್ರಿ, ನೀವ ಹೊಡ್ಕೊಂಡು ಹೋಗ್ರಿ."

ಭಾವ ಬಾಗಿಲು ತೆರೆದರು. ಇಳಿಯುವಾಗ ಬಾಗಿಲೇ ಅವರನ್ನು ಹಿಡಿದುಕೊಂಡಿತು. ಗಾಡಿ ಸುತ್ತಿ ನನ್ನ ಕಡೆ ಬಂದು ಕೀಲಿಗೆ ಕೈ ಚಾಚಿದರು.

ಮುಂದೆ ಕಾಡಿನ ದಾರಿ, ತಿರುವಿನ ಮೇಲೆ ತಿರುವು. ಹಿಂದಿನ ಸೀಟಿನಲ್ಲಿ ಎಪ್ಪತ್ತು ದಾಟಿದ ಅತ್ತಿ. ಕೀಲಿ ಮುಷ್ಟಿಯಲ್ಲಿ ಹಿಡಿದು ಹೇಳಿದೆ: "ಅವರಿಗೂ ಊದಸ್ರಿ."

"ಅವರಿಗ್ಯಾಕ್ರಿ? ಅವರಿಗೆ ಪಕ್ಕಾ ಲೈಸನ್ಸ್ ಐತಿ."

"ಪಕ್ಕಾ ಲೈಸನ್ಸ್ ಕುಡಿಯಾಕ ಕೊಟ್ಟಾರೇನ್ರಿ?"

ಭಾವನ ಮುಖ ಕಪ್ಪಿಟ್ಟಿತು. "ಮೈ ಎಕ್ಸ್‌ಪೀರಿಯನ್ಸ್!" ಎಂದರು. "ಈ ರೋಡ್ ಮಾಡಿದಾಂವನs ನಾನು! ಎಕ್ಸ್‌ಪೀರಿಯನ್ಸ್!"

ಆಗ ಹಿಂದಿನ ಬಾಗಿಲು ತೆರೆಯಿತು. ಅತ್ತಿ ಮೊಣಕಾಲು ಹಿಡಿದುಕೊಂಡು ಇಳಿದರು, ರಸ್ತೆ ಬದಿಯ ಕಲ್ಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. "ಹವಾಲ್ದಾರ್ರ, ಅಂವ ನನ್ನ ಹಿರೇ ಮಗ. ಅಂವ ಇಂಗ್ಲಿಷ್ ಮಾತಾಡಾಕ ಹತ್ಯಾನ ಅಂದ್ರ ಯಾವ ಮಶೀನೂ ಬ್ಯಾಡ. ಅಂವ ಹೊಡದ್ರ ನಾ ಇಲ್ಲಿಂದ ಏಳೂದಿಲ್ಲ."

ಹವಾಲ್ದಾರರು ಯಂತ್ರವನ್ನು ತಿರುಗಿಸಿ ನೋಡಿದರು, ತಟ್ಟಿದರು, ಅಂಗಿಗೆ ಒರೆಸಿದರು. "ಬ್ಯಾಟರಿ ಹೋಗೇತ್ರಿ" ಎಂದರು. ಭಾವ ನೆರಳಿಗೆ ಹೋಗಿ ಮರಕ್ಕೆ ಒರಗಿ ಮಲಗಿಬಿಟ್ಟರು. ನಾವು ಅಲ್ಲಿಯೇ ಕೂತೆವು. ಹವಾಲ್ದಾರರು ಪಾಪ, ಚಹಾ ತರಿಸಿಕೊಟ್ಟರು. ನಾನು ಬಾಯಿ ಮುಕ್ಕಳಿಸಿದೆ, ನೀರು ಕುಡಿದೆ. ಬಿಸಿಲು ಇಳಿಯತೊಡಗಿದಾಗ ಅತ್ತಿ ಎದ್ದು, "ನನ್ನ ಸೊಸಿಗೆ ಇನ್ನೊಮ್ಮೆ ಊದಸ್ರಿ" ಎಂದರು. ನೋಡಿ ಆಶ್ಚರ್ಯ, ಎಲ್ ಬೋರ್ಡ್ ಎನ್ನುತ್ತಲೇ ಬ್ಯಾಟರಿಗೆ ಜೀವ ಬಂತು. ಊದಿದೆ. ಯಂತ್ರ ಸೊನ್ನೆ ತೋರಿಸಿ ತೆಪ್ಪಗಾಯಿತು.

ಆದರೆ ಕಲಿಯುವವಳ ಪಕ್ಕದಲ್ಲಿ ಪಕ್ಕಾ ಲೈಸನ್ಸಿನವರು ಕೂರಲೇಬೇಕಲ್ಲ. ಭಾವನನ್ನು ಎತ್ತಿ ತಂದು ಮುಂದಿನ ಸೀಟಿಗೆ ಒರಗಿಸಿ ಪಟ್ಟಿ ಬಿಗಿದರು. ಕಾಯ್ದೆಗೆ ಸಮಾಧಾನವಾಯಿತು. ನನ್ನ ಗುರುಗಳು ದಾಂಡೇಲಿ ಬರುವವರೆಗೂ ಗೊರಕೆ ಹೊಡೆಯುತ್ತ ನನಗೆ ಮಾರ್ಗದರ್ಶನ ಮಾಡಿದರು.

ಆಮೇಲೆ ಭಾವ ನನ್ನ ಜೊತೆ ಮಾತು ಬಿಟ್ಟರು. "ನಾಕ ಮಂದಿ ಮುಂದ ಹಂಗಂತಾರೇನು" ಎಂದು ನಮ್ಮವರೂ ಮುಖ ಊದಿಸಿಕೊಂಡರು. ನಾನೂ ಹಟ ಹಿಡಿದೆ. ಮಳೆಗಾಲ ಕಳೆಯಿತು. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಸುದ್ದಿ ಬಂತು: ಹಳಿಯಾಳದ ದಾರಿಯಲ್ಲಿ ಭಾವನ ಜೀಪು ಹುಲ್ಲಿನ ಹೊರೆ ಹೊತ್ತು ಹೊರಟಿದ್ದ ರುಕ್ಮವ್ವ ಎಂಬಾಕೆಗೆ ಬಡಿದಿದೆ. ಹೊರೆ ಇದ್ದುದರಿಂದ ಆಕೆಯ ಜೀವ ಉಳಿಯಿತು, ಕಾಲು ಮುರಿಯಿತು. ಪೊಲೀಸರು ಬಂದು ಮೊದಲು ಭಾವನನ್ನು, "ನಿಮಗೇನೂ ಆಗಿಲ್ಲಲ್ರಿ ಸಾವಕಾರ್ರ?" ಎಂದು ವಿಚಾರಿಸಿದರಂತೆ. ಯಂತ್ರ ಯಾರೂ ತರಲಿಲ್ಲ. ಸಂಜೆಯ ಹೊತ್ತಿಗೆ ಬ್ರೇಕು ತಪ್ಪಿತಸ್ಥ ಎಂದು ಊರೆಲ್ಲ ತೀರ್ಮಾನಿಸಿತ್ತು.

ಭಾವ ಮಾತ್ರ ಹಾಗೆ ಹೇಳಲಿಲ್ಲ. ರುಕ್ಮವ್ವ ದವಾಖಾನೆಯಲ್ಲಿ ಇರುವಷ್ಟು ದಿನವೂ ಬಸ್ಸು ಹತ್ತಿ ಹೋಗಿ, ಆಕೆಯ ಮಂಚದ ಬಳಿ ಕೂತು ಬರುತ್ತಿದ್ದರು. ಆಮೇಲೊಂದು ಮುಂಜಾನೆ ನಮ್ಮ ಮನೆಗೆ ಬಂದು ಜೀಪಿನ ಕೀಲಿ ನನ್ನ ಮುಂದಿಟ್ಟರು.

"ಇದನ್ನ ನೀನs ಇಟಗೋವಾ" ಎಂದರು. "ನನ್ನ ಯಾರೂ ತಡಿಯೂದಿಲ್ಲ."

ಆ ಮಾತನ್ನು ಅವರು ಅಚ್ಚ ಕನ್ನಡದಲ್ಲೇ ಆಡಿದರು.

ಈಗ ನನಗೂ ಪಕ್ಕಾ ಲೈಸನ್ಸು ಬಂದು ವರ್ಷಗಳಾದವು. ಎಲ್ ಕಿತ್ತ ದಿನದಿಂದ ಒಬ್ಬರೂ ನನ್ನ ಉಸಿರು ಕೇಳಿಲ್ಲ. ಪೊಲೀಸರು ಕೈಬೀಸಿ ಕಳಿಸುತ್ತಾರೆ. ಮೊದಮೊದಲು ಅದು ಮರ್ಯಾದೆ ಎಂದುಕೊಂಡು ಸುಖಪಟ್ಟಿದ್ದೆ, ಸುಳ್ಳೇಕೆ ಹೇಳಲಿ.

ಮೊನ್ನೆ ಸಂತೆ ಮುಗಿಸಿ ಹಳಿಯಾಳಕ್ಕೆ ಹೊರಟಾಗ ದಾರಿಯಲ್ಲಿ ತಪಾಸಣೆ ಇತ್ತು. ಮುಂದೆ ಎಲ್ ಬೋರ್ಡಿನ ಪುಟ್ಟ ಕಾರು, ಅದರಲ್ಲಿ ಅಳು ತಡೆದುಕೊಂಡು ಊದುತ್ತಿದ್ದ ಒಬ್ಬ ಹುಡುಗಿ, ಪಕ್ಕದಲ್ಲಿ ಅವಳ ಅಪ್ಪ. ನಮಗೆ ಎಂದಿನಂತೆ "ಹೋಗ್ರಿ ಹೋಗ್ರಿ" ಎಂದು ಕೈ ಬೀಸಿದರು. ಏನನಿಸಿತೋ, ಗಾಡಿ ನಿಲ್ಲಿಸಿ ಇಳಿದೆ.

"ನನಗೂ ಊದಸ್ರಿ."

"ನಿಮಗ್ಯಾಕ್ರಿ ಮೇಡಂ?"

"ಆ ಹುಡುಗಿಗೆ ಯಾಕೋ, ನನಗೂ ಅದಕ್ಕs."

ನಮ್ಮವರು ಒಳಗಿಂದ "ಮುಗೀತು" ಎಂದರು. ಪೊಲೀಸರು ಅನುಮಾನಿಸುತ್ತಲೇ ಯಂತ್ರ ಹಿಡಿದರು. ಊದಿದೆ. ಹುಡುಗಿ ಕಣ್ಣೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ನನ್ನ ಹಿಂದೆ ದೊಡ್ಡದೊಂದು ಬಿಳಿ ಗಾಡಿ ನಿಂತು ಒಂದೇ ಸವನೆ ಹಾರ್ನು ಹೊಡೆಯುತ್ತಿತ್ತು. ಪೊಲೀಸರು ಯಂತ್ರ ನೋಡಿದರು, ನನ್ನನ್ನು ನೋಡಿದರು, ಹುಡುಗಿಯನ್ನು ನೋಡಿದರು. ಆಮೇಲೆ ಟೋಪಿ ಸರಿಮಾಡಿಕೊಂಡು ನಿಧಾನಕ್ಕೆ ಆ ಬಿಳಿ ಗಾಡಿಯ ಕಿಟಕಿಗೆ ಹೋದರು.

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ... ಒಂದ್ ಸಲ ಊದ್ರಿ."

ಹಾರ್ನು ನಿಂತಿತು.